ಜೀಪಿಗೊಂದು ಸೊಂಡಿಲು

2025ರ ಮೇ ತಿಂಗಳ ಕೊನೆಯ ವಾರ. ಉತ್ತರಪತ್ರಿಕೆಗಳ ರಾಶಿಯಿಂದ ಆಗತಾನೆ ತಲೆಯೆತ್ತಿದ್ದ ನನಗೆ ಹೊಸನಗರ ಸೀಮೆಯ ಮಿತ್ರರೊಬ್ಬರಿಂದ ಫೋನು ಬಂದಿತು. ಅವರು ನಿಟ್ಟೂರಿನ ಆಚೆ, ಕಾಡಿನ ಮಗ್ಗುಲಲ್ಲಿ ಅಡಿಕೆ ತೋಟ ಮಾಡಿಕೊಂಡಿರತಕ್ಕವರು. ಮಾತಿನಲ್ಲಿ ಬಹಳ ಮಿತವ್ಯಯಿಗಳು. "ಮಳೆ ಹಿಡಿಯುವುದರೊಳಗೆ ಜೀಪಿಗೆ ಸೊಂಡಿಲು ಕೂರಿಸಬೇಕು. ಬಂದರೆ ನೋಡಬಹುದು" ಎಂದಿಷ್ಟೇ ಹೇಳಿ ಮುಗಿಸಿದರು. ಆನೆಗೆ ಸೊಂಡಿಲುಂಟೆಂಬುದನ್ನು ನಾನು ಬಲ್ಲೆ. ಜೀಪಿಗೇಕೆ ಸೊಂಡಿಲು? ಮರುದಿನವೇ ಶಿವಮೊಗ್ಗದಿಂದ ಹೊರಟೆ.

ಹೊಸನಗರವನ್ನು ದಾಟಿ, ಕೆಳದಿಯ ಅರಸರ ಕಾಲದಲ್ಲಿ ಬಿದನೂರು ಎನಿಸಿದ್ದ ನಗರದ ಕೋಟೆಯನ್ನು ಹಿಂದಿಟ್ಟು, ಕೊಲ್ಲೂರಿನ ಹಾದಿ ಹಿಡಿದರೆ ಮಲೆನಾಡು ತನ್ನ ನಿಜವಾದ ಮುಖವನ್ನು ತೋರತೊಡಗುತ್ತದೆ. ಒಂದು ತಿರುವಿನಲ್ಲಿ ಕೊಡಚಾದ್ರಿ ಇಣುಕುತ್ತದೆ, ಮರುತಿರುವಿನಲ್ಲಿ ಮರೆಯಾಗುತ್ತದೆ. ಬೆಂಗಳೂರಿನಲ್ಲಿ ವರ್ಷವಿಡೀ ಬೀಳುವ ಮಳೆ ಸುಮಾರು 1000 ಮಿಲಿಮೀಟರ್. ಇದೇ ತಾಲ್ಲೂಕಿನ ಹುಲಿಕಲ್ಲಿನಲ್ಲಿ 7000ವನ್ನು ಮೀರಿದ ವರ್ಷಗಳುಂಟು. ಅಷ್ಟು ನೀರು ಎಲ್ಲಿಗಾದರೂ ಹೋಗಲೇಬೇಕಷ್ಟೆ. ಅದು ಹೋಗುವುದು ಹೆಸರಿಲ್ಲದ ನೂರಾರು ಹಳ್ಳಗಳ ಮೂಲಕ ಶರಾವತಿಗೆ. ಅಂಥದೊಂದು ಹಳ್ಳ ನನ್ನ ಮಿತ್ರರ ಮನೆಗೂ ಡಾಂಬರು ರಸ್ತೆಗೂ ನಡುವೆ ಹರಿಯುತ್ತದೆ. ಅಗಲ ಹೆಚ್ಚೆಂದರೆ ಮೂವತ್ತು ಅಡಿ. ನಾನು ಹೋದ ದಿನ ಅದರಲ್ಲಿ ಹಿಮ್ಮಡಿ ಮುಳುಗುವಷ್ಟು ನೀರೂ ಇರಲಿಲ್ಲ. ಹುಡುಗರಿಬ್ಬರು ಕಲ್ಲು ಮಗುಚಿ ಏಡಿ ಹುಡುಕುತ್ತಿದ್ದರು. ಇದನ್ನು ದಾಟಲು ಸೊಂಡಿಲೇ ಎಂದು ನನಗೆ ನಗು ಬಂದಿತು.

ನಗು ನಿಂತದ್ದು ಜಗಲಿಯ ಮೇಲೆ ಕುಳಿತು ಕಥೆ ಕೇಳಿದ ಮೇಲೆ.

ಹಿಂದಿನ ವರ್ಷ, ಎಂದರೆ 2024ರ ಆಗಸ್ಟಿನಲ್ಲಿ, ಮಿತ್ರರ ತಾಯಿಗೆ ಜ್ವರ ಬಂದು ಒಂದು ಸಂಜೆ ಉಸಿರಾಟ ಕಷ್ಟವಾಯಿತು. ಆಕೆಗೆ ಆಗ ವಯಸ್ಸು 77. ಅಡಿಕೆ ಮರದ ಕಾಲುಸಂಕ ಆ ವರ್ಷದ ಮೊದಲ ನೆರೆಯಲ್ಲಿಯೇ ಕೊಚ್ಚಿಹೋಗಿದ್ದಿತು. ಬೇರೆ ದಾರಿ ಕಾಣದೆ ತಾಯಿಯನ್ನು ಜೀಪಿನಲ್ಲಿ ಕೂರಿಸಿಕೊಂಡು ಹಳ್ಳಕ್ಕೆ ಇಳಿದರು. ನಡುವೆ ಚಕ್ರವೊಂದು ಗುಂಡಿಗೆ ಬಿದ್ದಿತು, ನೀರು ಬಾನೆಟ್ಟಿನ ಮೇಲೆ ಏರಿತು, ಎಂಜಿನ್ನು ಒಮ್ಮೆ ಬಿಕ್ಕಳಿಸಿ ನಿಂತಿತು. ಗಾಬರಿಯಲ್ಲಿ ಎರಡು ಸಲ ಚಾಲೂ ಮಾಡಲು ಯತ್ನಿಸಿದರು. ಒಳಗೆ ಏನೋ ಮುರಿದ ಸದ್ದಾಯಿತು. ನೆರೆಮನೆಯವರು ಸೊಂಟದವರೆಗಿನ ನೀರಿನಲ್ಲಿ ಹಗ್ಗ ಹಿಡಿದು ಬಂದು ಆಕೆಯನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಮರಳಿ ಮನೆಗೇ ತಂದರು. ಬೆಳಗಾಗುವವರೆಗೆ ಆಕೆ ಉಸಿರಿಗಾಗಿ ಪಟ್ಟ ಪಾಡನ್ನು ನನ್ನ ಮಿತ್ರರು ವಿವರಿಸಲಿಲ್ಲ, ನಾನೂ ಕೇಳಲಿಲ್ಲ. ಮುಂಜಾನೆ ನೀರಿಳಿದಾಗ ಆಸ್ಪತ್ರೆಗೆ ಸೇರಿಸಿದರು. ಬದುಕಿದರು.

ಅಂದಿನಿಂದ ಬೆಂಗಳೂರಿನಲ್ಲಿರುವ ಕಿರಿಯ ಮಗನ ಹಟ ಒಂದೇ: ಮಳೆಗಾಲದ ನಾಲ್ಕು ತಿಂಗಳು ಅಮ್ಮ ಬೆಂಗಳೂರಿನಲ್ಲಿರಬೇಕು. ಅಮ್ಮನ ಹಟವೂ ಒಂದೇ: ಕೊಟ್ಟಿಗೆಯಲ್ಲಿ ಹಸುವಿರುವವರೆಗೆ ತಾನು ಕದಲುವುದಿಲ್ಲ. ಕಡೆಗೆ ಒಂದು ಒಪ್ಪಂದವಾಯಿತು. ಜೀಪು ಈ ಸಲ ನೀರಿನಲ್ಲಿ ನಿಲ್ಲುವುದಿಲ್ಲವೆಂದು ಅಣ್ಣನು ತೋರಿಸಿಕೊಟ್ಟರೆ ಆಕೆ ಮನೆಯಲ್ಲಿಯೇ ಇರಬಹುದು. ಸೊಂಡಿಲಿನ ಹುಟ್ಟಿಗೆ ಇದು ಕಾರಣ.

ಎಂಜಿನ್ನು ನೀರಿನಲ್ಲಿ ಸಾಯುವುದೇಕೆ? ಕನ್ನಡ ಎಂ.ಎ. ಮಾಡಿದವನಿಗೆ ಇದು ತಿಳಿದಿರಬೇಕಾದ್ದಿಲ್ಲವಾದರೂ, ಮಿತ್ರರು ನನಗೆ ಪಾಠ ಹೇಳಿದರು. ಆ ಜೀಪಿನ ಡೀಸೆಲ್ ಎಂಜಿನ್ನು 2112 ಸಿ.ಸಿ.ಯದು. ನಿಮಿಷಕ್ಕೆ 2000 ಸುತ್ತು ತಿರುಗುವಾಗ ಅದು ಎಳೆದುಕೊಳ್ಳುವ ಗಾಳಿ ಹತ್ತಿರ ಹತ್ತಿರ 2000 ಲೀಟರು. ಸುಮ್ಮನೆ ಕುಳಿತ ಮನುಷ್ಯನಿಗೆ ನಿಮಿಷಕ್ಕೆ ಏಳೆಂಟು ಲೀಟರು ಸಾಕು. ಒಳಗೆ ಬಂದ ಗಾಳಿಯನ್ನು ಪಿಸ್ಟನ್ನು ಇಪ್ಪತ್ತರಲ್ಲಿ ಒಂದು ಪಾಲಿಗೆ ಅದುಮುತ್ತದೆ. ಆಗ ಉಳಿಯುವ ಎಡೆ, ಮಗುವಿಗೆ ಔಷಧ ಹಾಕುವ ಒಳಲೆಗೂ ಸಾಲದಷ್ಟು. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲಾಗದು. ಆ ಒಳಲೆಗಿಂತ ಹೆಚ್ಚು ನೀರು ಹೊಕ್ಕಿತೆಂದರೆ ಪಿಸ್ಟನ್ನು ಬಂಡೆಗೆ ಗುದ್ದಿದಂತೆ ನಿಲ್ಲುತ್ತದೆ. ಹಿಂದಿನಿಂದ ನೂಕುವ ಕಬ್ಬಿಣದ ಕೈ ಬಾಗುತ್ತದೆ. ನೀರಿನಲ್ಲಿ ನಿಂತ ಎಂಜಿನ್ನನ್ನು ಮತ್ತೆ ತಿರುಗಿಸಲೇಬಾರದಂತೆ. ದಡಕ್ಕೆ ಎಳೆದು ತಂದು, ಇಂಜೆಕ್ಟರುಗಳನ್ನು ಬಿಚ್ಚಿ, ಒಳಗಿನ ನೀರನ್ನು ಹೊರಹಾಕಿದ ಮೇಲೆಯೇ ಮುಂದಿನ ಮಾತು. "ಅಂದು ಆ ಎರಡು ಸಲದ ತಿರುಗಿಸುವಿಕೆ ನನಗೆ ಒಂದು ಎಂಜಿನ್ನಿನ ಬೆಲೆ ಕೇಳಿತು" ಎಂದರು.

ಸೊಂಡಿಲು ಎಂದರೆ ಇಷ್ಟೇ: ಬಾನೆಟ್ಟಿನೊಳಗಿರುವ ಉಸಿರಿನ ಬಾಯನ್ನು ಕೊಳವೆಯ ಮೂಲಕ ಮೇಲ್ಛಾವಣಿಯ ಎತ್ತರಕ್ಕೆ ಒಯ್ಯುವುದು. ಕೊಂಡರೂ ಸಿಗುತ್ತದೆ, ಆದರೆ ಹಳೆಯ ಜೀಪಿಗೆ ಹೊಂದುವಂಥದು ಅವರಿಗೆ ದೊರೆಯಲಿಲ್ಲ. ಆದ್ದರಿಂದ ತೋಟಕ್ಕೆಂದು ತಂದು ಮಿಕ್ಕಿದ್ದ ಮೂರು ಅಂಗುಲದ ಪಿ.ವಿ.ಸಿ. ಕೊಳವೆ, ಗ್ಯಾರೇಜಿನಲ್ಲಿ ಕೆಲಸ ಕಲಿತ ಊರಿನ ಒಬ್ಬ ತರುಣ, ಮತ್ತು ಎರಡು ದಿನ.

ಕೆಲಸದಲ್ಲಿ ನಾನು ಊಹಿಸದಿದ್ದ ಸೂಕ್ಷ್ಮಗಳಿದ್ದವು. ಕೊಳವೆಯ ಒಳಗಾತ್ರ ಎಂಜಿನ್ನಿನ ಮೂಲ ಬಾಯಿಗಿಂತ ಕಿರಿದಾಗಕೂಡದು. ತಿರುವು ಬೇಕಾದ ಕಡೆ ಕಟ್ಟುನಿಟ್ಟಾದ ಮೂಲೆಯಿರಬಾರದು. ಎರಡು ಅರ್ಧತಿರುವುಗಳನ್ನು ಕೂಡಿಸಿ ಗಾಳಿಯನ್ನು ಮೆಲ್ಲಗೆ ಹೊರಳಿಸಬೇಕು. ಎಂಜಿನ್ನಿನ ಪಕ್ಕಕ್ಕೆ ಪಿ.ವಿ.ಸಿ. ಸಲ್ಲದು, ಏಕೆಂದರೆ ಕಾವಿಗೆ ಅದು ಮೆತ್ತಗಾಗುತ್ತದೆ, ಎಂಜಿನ್ನಿನ ಅಲುಗಾಟಕ್ಕೆ ಸೀಳುತ್ತದೆ. ಅಲ್ಲಿ ದಪ್ಪ ರಬ್ಬರಿನ ನಳಿಕೆ, ಎರಡು ತುದಿಗೂ ಉಕ್ಕಿನ ಬಿಗಿಪಟ್ಟಿ. ಜೀಪಿನ ಹಳೆಯ ಎಣ್ಣೆ ಶೋಧಕ ಸುತ್ತಲಿನಿಂದಲೂ ಉಸಿರೆಳೆಯುವಂಥದು; ಅದನ್ನು ತೆಗೆದು, ಟ್ರಾಕ್ಟರಿನಿಂದ ಬಿಚ್ಚಿದ, ಒಂದೇ ಬಾಯಿಯ ಶೋಧಕ ಡಬ್ಬವನ್ನು ಕೂರಿಸಿದರು. ಬದಿಯ ತಗಡಿನಲ್ಲಿ ರಂಧ್ರ ಕೊರೆದು ಕೊಳವೆಯನ್ನು ಹೊರತಂದು, ಗಾಜಿನ ಚೌಕಟ್ಟಿಗೆ ಕಬ್ಬಿಣದ ಪಟ್ಟಿಯಿಂದ ಕಟ್ಟಿದರು. ಕೊಳವೆಯ ತುದಿಗೆ ಮಳೆಹನಿ ಬೀಳದಂತೆ ಒಂದು ಟೊಪ್ಪಿಗೆ ಬೇಕಾಯಿತು. ಅಮ್ಮ ಒಳಗಿನಿಂದ ಸ್ಟೀಲಿನ ಡಬ್ಬಿಯೊಂದನ್ನು ತಂದುಕೊಟ್ಟರು. "ಸಾಸಿವೆ ಡಬ್ಬಿ. ಹಾಳುಮಾಡಬೇಡಿ, ಮಳೆ ಹೋದಮೇಲೆ ನನಗೆ ಬೇಕು" ಎಂದರು. ಅದನ್ನು ಬೋರಲು ಹಾಕಿ, ಕಣಜಗಳು ಗೂಡು ಕಟ್ಟದಂತೆ ಜಾಲರಿ ಸುತ್ತಿದ್ದಾಯಿತು.

ಪರೀಕ್ಷೆ ಬಹು ಸರಳ. ಎಂಜಿನ್ನು ಓಡುತ್ತಿರುವಾಗ ಕೊಳವೆಯ ಬಾಯನ್ನು ಅಂಗೈಯಿಂದ ಮುಚ್ಚಬೇಕು. ಉಸಿರು ಕಟ್ಟಿ ಎಂಜಿನ್ನು ನಿಲ್ಲಬೇಕು. ನಿಲ್ಲದಿದ್ದರೆ ಬೇರೆಲ್ಲಿಯೋ ಸೀಳಿನಿಂದ ಗಾಳಿ ಹೋಗುತ್ತಿದೆ. ಗಾಳಿ ಹೋಗುವಲ್ಲಿ ನಾಳೆ ನೀರೂ ಹೋಗುತ್ತದೆ. ತರುಣ ಟೊಪ್ಪಿಗೆ ತೆಗೆದು ಕೈಯಿಟ್ಟ. ಎಂಜಿನ್ನು ಯಾವ ಎಗ್ಗೂ ಇಲ್ಲದೆ ಓಡುತ್ತಲೇ ಇದ್ದಿತು. ಒಂದು ಕೀಲನ್ನು ಬಿಗಿದರು, ಇನ್ನೊಂದಕ್ಕೆ ಅಂಟು ಬಳಿದರು, ಪ್ರಯೋಜನವಾಗಲಿಲ್ಲ. ಕಡೆಗೆ ಅಮ್ಮನೇ ದೇವರ ಮುಂದಿನ ಊದುಬತ್ತಿಯನ್ನು ತಂದು ಕೈಗಿತ್ತರು. ಅದನ್ನು ಪ್ರತಿ ಕೀಲಿನ ಬಳಿಯೂ ಹಿಡಿಯುತ್ತ ಹೋದಾಗ ಹೊಗೆ ನೆಟ್ಟಗೆ ಮೇಲೇರುತ್ತಿತ್ತು. ಶೋಧಕ ಡಬ್ಬದ ಕೆಳಗೆ, ಧೂಳು ಉದುರಲೆಂದು ಇಟ್ಟಿರುವ ರಬ್ಬರಿನ ತುಟಿಯ ಬಳಿ ಮಾತ್ರ ಸರ್ರನೆ ಒಳಕ್ಕೆ ಸೇದಿಹೋಯಿತು. ಹಳೆಯದಾಗಿ ಗಟ್ಟಿಯಾಗಿದ್ದ ಆ ತುಟಿಗೆ ಬಿರಡೆ ಜಡಿದು ಬಿಗಿದರು. ಮತ್ತೆ ಅಂಗೈ ಇಟ್ಟಾಗ, ಎಂಜಿನ್ನು ಎರಡು ಗುಟುಕರಿಸಿ ತಣ್ಣಗಾಯಿತು. ಒಂದು ಯಂತ್ರ ನಿಂತದ್ದಕ್ಕೆ ಐದಾರು ಜನ ಒಟ್ಟಿಗೆ ಸಂತೋಷಪಟ್ಟದ್ದನ್ನು ನಾನು ಕಂಡದ್ದು ಅದೇ ಮೊದಲು.

ಅಷ್ಟಕ್ಕೇ ಮುಗಿಯಲಿಲ್ಲ. ಓಡಿ ಬಿಸಿಯಾದ ಅಚ್ಚಿನ ಪೆಟ್ಟಿಗೆ ತಣ್ಣೀರಿಗೆ ಇಳಿದೊಡನೆ ಒಳಗಿನ ಗಾಳಿ ಕುಗ್ಗಿ, ಸಣ್ಣ ಉಸಿರುಗಂಡಿಯಿಂದ ನೀರನ್ನು ಹೀರುತ್ತದೆಯಂತೆ. ಅವಕ್ಕೂ ಕಿರಿದಾದ ನಳಿಕೆಗಳನ್ನು ಜೋಡಿಸಿ ಮೇಲಕ್ಕೆ ತಂದರು.

ಆ ರಾತ್ರಿ ಊಟವಾದ ಮೇಲೆ ನನ್ನ ಪಾಂಡಿತ್ಯವನ್ನೂ ಸ್ವಲ್ಪ ತೋರಿಸದಿರಲಾಗಲಿಲ್ಲ. ಕೊಳವೆಯ ಹಂಗಿಲ್ಲದೆ, ಮಂತ್ರಬಲದಿಂದ ವೈಶಂಪಾಯನ ಸರೋವರದಲ್ಲಿ ಅಡಗಿದ್ದವನು ರನ್ನನ ದುರ್ಯೋಧನನೊಬ್ಬನೇ. ಉಳಿದವರಿಗೆಲ್ಲ ಕೊಳವೆ ಬೇಕು. 1930ರ ದಶಕದಲ್ಲಿ ಡಚ್ ನೌಕಾಪಡೆಯವರು ಜಲಾಂತರ್ಗಾಮಿಗಳಿಗೆ ಇಂಥ ಉಸಿರುಗೊಳವೆಯನ್ನು ಇಟ್ಟರು. 1940ರಲ್ಲಿ ಹಾಲೆಂಡ್ ಜರ್ಮನರ ವಶವಾದಾಗ ಆ ವಿದ್ಯೆ ಅವರ ಕೈ ಸೇರಿತು. 'ಸ್ನಾರ್ಕೆಲ್' ಎಂದು ಇಂದು ಲೋಕ ಕರೆಯುವ ಹೆಸರು ಜರ್ಮನ್ ಮೂಲದ್ದು. 1944ರ ಜೂನ್ 6ರಂದು ನಾರ್ಮಂಡಿಯ ತೀರದಲ್ಲಿ ಸಮುದ್ರದ ನೀರಿಗೆ ಇಳಿದ ಜೀಪುಗಳಿಗೂ ಉದ್ದನೆಯ ಉಸಿರುಗೊಳವೆಗಳಿದ್ದವು. ಅಮ್ಮ ಎಲ್ಲವನ್ನೂ ಕೇಳಿ, "ಸೊಂಡಿಲಿದ್ದ ಆನೆಯೂ ನೆರೆಯಲ್ಲಿ ಕೊಚ್ಚಿಹೋಗುತ್ತದೆ" ಎಂದಷ್ಟೇ ಹೇಳಿ ಮಲಗಲು ಎದ್ದರು.

ಮರುದಿನ ಬೆಳಿಗ್ಗೆ ಆಕೆಯ ಮಾತಿನಂತೆ ಹಳ್ಳದ ಹಾಯುಗಡದಲ್ಲಿ ಒಂದು ಗಟ್ಟಿ ಕಂಬ ನೆಟ್ಟರು. ಅರ್ಧರ್ಧ ಅಡಿಗೆ ಒಂದರಂತೆ ಬಿಳಿಯ ಪಟ್ಟೆಗಳು. ಮೂರನೆಯದು, ಎಂದರೆ ಒಂದೂವರೆ ಅಡಿಯದು, ಕೆಂಪು. ಸೊಸೆಯಾಗಿ ಬಂದ ಕಾಲದಲ್ಲಿ ದನಗಳನ್ನು ಆಚೆಗೆ ಹೊಡೆಯುವಾಗ ನೀರು ಅಷ್ಟಕ್ಕೆ ಬಂದರೆ ಹಿಂದಿರುಗುತ್ತಿದ್ದರಂತೆ.

ಜುಲೈ ಮೂರನೆಯ ವಾರ ಮತ್ತೆ ಹೋದೆ. ಅದೇ ತಿಂಗಳ 14ರಂದು ಪಕ್ಕದ ಸಾಗರ ತಾಲ್ಲೂಕಿನ ಸಿಗಂದೂರಿನ ದಾರಿಯಲ್ಲಿ, ಶರಾವತಿಯ ಹಿನ್ನೀರಿಗೆ ಅಡ್ಡಲಾಗಿ ಸುಮಾರು ಎರಡೂವರೆ ಕಿಲೋಮೀಟರು ಉದ್ದದ ಸೇತುವೆ ಉದ್ಘಾಟನೆಯಾಗಿದ್ದಿತು. ಆ ದ್ವೀಪದ ಜನ ದಶಕಗಳ ಕಾಲ ಲಾಂಚಿಗಾಗಿ ಕಾದವರು, ಅವರ ಸಂತೋಷ ದೊಡ್ಡದು. ಮೂವತ್ತು ಅಡಿಯ ನಮ್ಮ ಹಳ್ಳಕ್ಕೆ ಮಾತ್ರ ಅಳತೆ ಮಾಡಿಕೊಂಡು ಹೋದವರು ಹಿಂದಿರುಗಿರಲಿಲ್ಲ.

ನಾನು ತಲುಪಿದ ಶುಕ್ರವಾರ ಕೆಂಪು ಪಟ್ಟೆ ನೀರಿನ ಮೇಲೆ ಕಾಣುತ್ತಿತ್ತು. ಹೋಗುವ ಮುನ್ನ ಬೀಸಣಿಗೆಯ ಪಟ್ಟಿಯನ್ನು ಸಡಿಲಿಸಿದರು. ಇಲ್ಲವಾದರೆ ಅದು ನೀರನ್ನು ಎಂಜಿನ್ನಿನ ಮೇಲೆಲ್ಲ ಎರಚುತ್ತದೆ. ನಾಲ್ಕು ಚಕ್ರಕ್ಕೂ ಬಲ ಕೊಟ್ಟು, ಮೊದಲ ಗೇರಿನಲ್ಲಿ, ಮನುಷ್ಯ ನಡೆಯುವ ವೇಗದಲ್ಲಿ ಇಳಿದರು. ಮೂತಿಯ ಮುಂದೆ ಒಂದು ಅಲೆ ಎದ್ದು ನಮ್ಮೊಡನೆ ನಡೆಯಿತು. ನಡುವೆ ಮುಂಚಕ್ರ ತಟ್ಟನೆ ಕುಸಿದು, ಹಿಂದಿನ ವರ್ಷದಂತೆಯೇ ನೀರು ಬಾನೆಟ್ಟಿಗೆ ನೆಗೆಯಿತು. ಮಿತ್ರರ ಮುಖ ಬಿಳುಪೇರಿತು. ಎಂಜಿನ್ನು ಮಾತ್ರ ಸಾಸಿವೆ ಡಬ್ಬಿಯ ಮೂಲಕ ನೆಮ್ಮದಿಯಾಗಿ ಉಸಿರಾಡುತ್ತ ದಡ ಹತ್ತಿತು.

ಶನಿವಾರ ರಾತ್ರಿ ಸುರಿದ ಮಳೆಗೆ ಭಾನುವಾರ ಬೆಳಿಗ್ಗೆ ಐದನೆಯ ಪಟ್ಟೆಯೂ ಮುಳುಗಿದ್ದಿತು. ಸೋಮವಾರ ನನಗೆ ಕಾಲೇಜು. ಅದೇ ದಿನ ಅಮ್ಮನನ್ನು ಹೊಸನಗರದ ವೈದ್ಯರಿಗೆ ತೋರಿಸಬೇಕಾಗಿತ್ತು. ರಾತ್ರಿ ಆಕೆಯ ಎದೆಯಲ್ಲಿ ಗೊರಗೊರ ಶಬ್ದವಾಗುತ್ತಿದ್ದುದನ್ನು ಇಬ್ಬರೂ ಕೇಳಿದ್ದೆವು. ಮಿತ್ರರು ಜೀಪನ್ನು ನೀರಿನ ಅಂಚಿಗೆ ತಂದು, ಎಂಜಿನ್ನು ಓಡುತ್ತಿರುವಂತೆಯೇ ಹತ್ತು ನಿಮಿಷ ಕಂಬವನ್ನು ನೋಡಿದರು.

"ಸೊಂಡಿಲು ಇದೆಯಲ್ಲ?" ಎಂದೆ. ಅದನ್ನು ಕಟ್ಟುವಾಗ ಕೊಳವೆ ಹಿಡಿದುಕೊಂಡಿದ್ದ ಅಭಿಮಾನ ನನ್ನದು.

"ಅದು ಎಂಜಿನ್ನಿಗೆ ಇದೆ, ಜೀಪಿಗೆ ಇಲ್ಲ" ಎಂದರು ಅವರು. ಓಡುವ ನೀರಿನ ವೇಗ ಎರಡರಷ್ಟಾದರೆ ಅದರ ನೂಕು ನಾಲ್ಕರಷ್ಟಾಗುತ್ತದೆ. ಎರಡು ಅಡಿಯ ರಭಸದ ನೀರು ಬಹುಪಾಲು ವಾಹನಗಳನ್ನು ಎತ್ತಿ ಸರಿಸಬಲ್ಲುದು. ಉಸಿರಾಡುತ್ತಲೇ ಕೊಚ್ಚಿಹೋಗುವ ಎಂಜಿನ್ನಿನಿಂದ ಯಾರಿಗೇನು? ಕೆಂಪು ಪಟ್ಟೆಯ ಕೆಳಗಿನ ನೀರಿಗೆ ಸೊಂಡಿಲು ಅಷ್ಟೇನೂ ಬೇಕಿಲ್ಲವೆಂದೂ, ಅದು ಇರುವುದು ಶುಕ್ರವಾರದ ಗುಂಡಿಯಂಥ ಕಾಣದ ತಪ್ಪಿಗೆಂದೂ ಅವರು ಹೇಳಿದಾಗ, ಕಳೆದ ಮೇ ತಿಂಗಳಿನಿಂದ ನಾನು ಆ ಕೊಳವೆಯನ್ನು ತಪ್ಪಾಗಿ ಓದಿಕೊಂಡಿದ್ದೆನೆಂದು ತಿಳಿಯಿತು. ಜೀಪು ಹಿಮ್ಮೊಗವಾಗಿ ಮನೆಗೆ ಹೊರಟಿತು.

ಆ ಎರಡು ದಿನಗಳನ್ನು ಮರೆಯುವಂತಿಲ್ಲ. ವೈದ್ಯರು ಮುಂಚಿತವಾಗಿಯೇ ಕೊಟ್ಟಿದ್ದ, ಉಸಿರಿನೊಡನೆ ಒಳಗೆಳೆಯುವ ಔಷಧವಿತ್ತು. ಫೋನಿನಲ್ಲಿ ಅವರು ಹೇಳಿದಂತೆ ಗಂಟೆ ಎಣಿಸಿ ಕೊಟ್ಟೆವು. ಮಿತ್ರರು ರಾತ್ರಿ ತಾಯಿಯ ಕೋಣೆಯ ಬಾಗಿಲಲ್ಲಿ ಕುಳಿತು ಆಕೆಯ ಉಸಿರನ್ನು ಆಲಿಸುವುದು, ಗಂಟೆಗೊಮ್ಮೆ ಬ್ಯಾಟರಿ ಹಿಡಿದು ಹಳ್ಳಕ್ಕೆ ಹೋಗಿ ಕಂಬವನ್ನು ನೋಡುವುದು. ತಮ್ಮನಿಗೆ ಫೋನು ಮಾಡಿದರೋ ಇಲ್ಲವೋ, ನಾನು ಕೇಳಲಿಲ್ಲ.

ಮಂಗಳವಾರ ಮುಂಜಾನೆ ಕೆಂಪು ಪಟ್ಟೆ ಒದ್ದೆಯಾಗಿ ಹೊಳೆಯುತ್ತ ಮೇಲೆ ಬಂದಿದ್ದಿತು. ಅಮ್ಮ ಸೀರೆಯ ಸೆರಗನ್ನು ಬಿಗಿದು, ಛತ್ರಿಯನ್ನೂ ಔಷಧದ ಚೀಲವನ್ನೂ ತೊಡೆಯ ಮೇಲಿಟ್ಟುಕೊಂಡು ಮುಂದಿನ ಆಸನದಲ್ಲಿ ಕುಳಿತರು. ನೀರು ಜೀಪಿನ ತಳವನ್ನು ತಟ್ಟಿದಾಗ ಕಾಲುಗಳನ್ನು ಮೇಲಕ್ಕೆತ್ತಿಕೊಂಡರು, ಅಷ್ಟೆ. ಆಚೆಯ ದಡದಲ್ಲಿ ಮಿತ್ರರು ಒದ್ದೆಯಾದ ಬ್ರೇಕನ್ನು ಒಣಗಿಸಲು ಮೆಲ್ಲಮೆಲ್ಲನೆ ಒತ್ತುತ್ತಿದ್ದಾಗ, ಆಕೆ ತಲೆಯನ್ನು ಹೊರಚಾಚಿ ಕೊಳವೆಯ ತುದಿಯನ್ನು ಒಮ್ಮೆ ನೋಡಿದರು.

"ಡಬ್ಬಿಗೆ ತುಕ್ಕು ಹಿಡಿದಿಲ್ಲ ತಾನೇ?" ಎಂದು ಕೇಳಿದರು.