ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಬಂಡಿಯ ಅಚ್ಚು ಕೊಟ್ಟಿಗೆಯ ಮುಂದೆ ನಿಂತಾಗ ಮುರಿಯುವುದಿಲ್ಲ; ತುಂಬಿದ ಹೇರನ್ನು ಹೊತ್ತು ಏರು ಹತ್ತುವಾಗ ಮುರಿಯುತ್ತದೆ. ಕೂದಲೆಳೆಯಷ್ಟು ಬಿರುಕು ಅಚ್ಚಿನಲ್ಲಿ ಮೊದಲೇ ಇದ್ದಿರಬಹುದು. ಬರಿಯ ಬಂಡಿ ಅದನ್ನು ಮರೆಮಾಚುತ್ತದೆ, ಭಾರವು ಅದನ್ನು ಬಯಲಿಗೆಳೆಯುತ್ತದೆ. ಗಣಕಯಂತ್ರದ ಸ್ವಭಾವವೂ ಹೀಗೆಯೇ. ಪತ್ರವೊಂದನ್ನು ಬೆರಳಚ್ಚು ಮಾಡುವಾಗ ಸಾಧುವಾಗಿ ನಡೆಯುವ ಯಂತ್ರವು, ದೊಡ್ಡ ಕೆಲಸವನ್ನು ಹೇರಿದೊಡನೆ ಕಣ್ಣು ಮುಚ್ಚಿಬಿಡುವುದುಂಟು.

ಹೊಸಪೇಟೆಯ ನೆರೆಯಲ್ಲಿರುವ ಮರಿಯಮ್ಮನಹಳ್ಳಿಯು ನಾಟಕಕ್ಕೂ ಜೋಗತಿ ನೃತ್ಯಕ್ಕೂ ಹೆಸರಾದ ಊರು. ಇಲ್ಲಿ ನೆಲೆಸಿದ ಮಂಜಮ್ಮ ಜೋಗತಿ ಅವರಿಗೆ 2021ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ಇಂಥ ಊರಿನ ಪೇಟೆಯಲ್ಲಿ ಸಣ್ಣದೊಂದು ಸ್ಟುಡಿಯೋ ಇದೆಯೆಂದು ಭಾವಿಸೋಣ. ಅದನ್ನು ನಡೆಸುವ ತರುಣನು ಹಿರಿಯ ನಟಿಯೊಬ್ಬರ ಕಡೆಯ ನಾಟಕವನ್ನು ಚಿತ್ರೀಕರಿಸಿಕೊಂಡಿದ್ದಾನೆ. ಮೂರು ಗಂಟೆಗಳ ಆ ಚಿತ್ರಕ್ಕೆ ಬೇರೊಂದು ಪ್ರತಿ ಎಲ್ಲಿಯೂ ಇಲ್ಲ. ತುಣುಕುಗಳನ್ನು ಒಂದುಗೂಡಿಸಿ ಅಂತಿಮ ರೂಪ ಕೊಡಲೆಂದು ಆಜ್ಞೆಯಿತ್ತರೆ, ಇಪ್ಪತ್ತು ನಿಮಿಷ ಕಳೆಯುವಷ್ಟರಲ್ಲಿ ಯಂತ್ರವು ತಟಕ್ಕನೆ ಆರಿಹೋಗುತ್ತದೆ. ಮತ್ತೆ ಹೊತ್ತಿಸಿದರೆ ಮತ್ತೆ ಅದೇ ಪಾಡು.

ಇಂಥ ವೇಳೆಯಲ್ಲಿ ಅಂಗಡಿಗೆ ಬಂದವರೆಲ್ಲರೂ ವೈದ್ಯರೇ. “ವೈರಸ್ ಹೊಕ್ಕಿದೆ” ಎನ್ನುವರು ಒಬ್ಬರು. “ಎಲ್ಲವನ್ನೂ ಅಳಿಸಿ ವಿಂಡೋಸ್ ಹೊಸದಾಗಿ ಹಾಕಪ್ಪ” ಎನ್ನುವರು ಇನ್ನೊಬ್ಬರು. “ಮೆಮೊರಿ ಸಾಲದು, ಇನ್ನೊಂದು ರ‍್ಯಾಮ್ ತಂದುಹಾಕು” ಎಂದು ಮತ್ತೊಬ್ಬರ ಸಲಹೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ! ಎರಡನೆಯವರ ಮಾತನ್ನು ನಂಬಿ ಎಲ್ಲವನ್ನೂ ಅಳಿಸಿದರೆ ರೋಗವು ಇದ್ದಲ್ಲೇ ಇದ್ದು, ನಾಟಕವು ಮಾತ್ರ ಅಳಿದುಹೋಗುತ್ತದೆ.

ಆದುದರಿಂದ ದುರಸ್ತಿಗೆ ಮೊದಲು ರಕ್ಷಣೆಯಾಗಬೇಕು. ತರುಣನು ಚಿತ್ರದ ಪ್ರತಿಯನ್ನು ಬೇರೊಂದು ಡಿಸ್ಕಿಗೆ ಇಳಿಸಿಕೊಳ್ಳುತ್ತಾನೆ. ಅನಂತರ ಯಂತ್ರವು ನಿಲ್ಲುವ ರೀತಿಯನ್ನು ಗಮನಿಸುತ್ತಾನೆ. ಒಂದೇ ತಂತ್ರಾಂಶ ಮುಚ್ಚಿಕೊಂಡು ಉಳಿದವು ನಡೆಯುತ್ತಿದ್ದರೆ ದೋಷವು ಹೆಚ್ಚಾಗಿ ಆ ತಂತ್ರಾಂಶದಲ್ಲಿರುತ್ತದೆ. ಪರದೆ ನೀಲಿಯಾಗಿ ಸಂಕೇತವೊಂದು ಮೂಡಿದರೆ ಮೆಮೊರಿಯ ಮೇಲೆಯೋ, ಯಂತ್ರದ ಭಾಗಗಳನ್ನು ನಡೆಸುವ ಡ್ರೈವರ್‌ಗಳ ಮೇಲೆಯೋ ಸಂಶಯ ಹೋಗಬೇಕು. ಯಾವ ಸೂಚನೆಯೂ ಇಲ್ಲದೆ ದೀಪವಾರಿದಂತೆ ಆರಿದರೆ, ಬಿಸಿ ಅಥವಾ ವಿದ್ಯುತ್ತು ಕಾರಣವಾಗಿರುವ ಸಂಭವವೇ ಹೆಚ್ಚು.

ಬಿಸಿ ಏಕೆ? ಗಣಕದ ಮೆದುಳೆನಿಸಿದ ಪ್ರೊಸೆಸರ್ ಹೆಚ್ಚು ದುಡಿದಷ್ಟೂ ಹೆಚ್ಚು ಕಾಯುತ್ತದೆ. ಆ ಕಾವನ್ನು ಲೋಹದ ತೆಳು ಹಲ್ಲೆಗಳು ಹೀರಿಕೊಳ್ಳುತ್ತವೆ, ಫ್ಯಾನು ಅದನ್ನು ಹೊರದೂಡುತ್ತದೆ. ಈ ಸೀಮೆಯ ಕೆಂಧೂಳು ಹಲ್ಲೆಗಳ ನಡುವೆ ಕಂಬಳಿಯಂತೆ ಕವಿದರೆ ಕಾವಿಗೆ ಹೊರದಾರಿಯಿಲ್ಲ. ಬೇಸಿಗೆಯ ಬಿಸಿಲೂ ಅದಕ್ಕೆ ನೆರವಾಗುತ್ತದೆ. ಉಷ್ಣತೆಯು ಸುಮಾರು 100 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದಾಗ ಹಲವು ಪ್ರೊಸೆಸರ್‌ಗಳು ತಮ್ಮ ವೇಗವನ್ನು ತಾವೇ ತಗ್ಗಿಸಿಕೊಳ್ಳುತ್ತವೆ. ಆಗಲೂ ಕಾವು ಇಳಿಯದಿದ್ದರೆ ಸುಟ್ಟುಹೋಗದಿರಲೆಂದು ಯಂತ್ರವನ್ನೇ ಆರಿಸಿಬಿಡುತ್ತವೆ. ಜನರು ರೋಗವೆಂದು ಬೈಯುವುದು ವಾಸ್ತವವಾಗಿ ಯಂತ್ರದ ಆತ್ಮರಕ್ಷಣೆ.

ತರುಣನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾನೆ: ಮುಂಜಾನೆಯ ತಂಪಿನಲ್ಲಿ ಐವತ್ತು ನಿಮಿಷ ನಡೆಯಿತು, ನಡುಹಗಲಿನಲ್ಲಿ ಇಪ್ಪತ್ತು, ಆರುವ ಮುನ್ನ ಉಷ್ಣತೆ ನೂರರ ಹತ್ತಿರ. ವಿದ್ಯುತ್ ಸಂಪರ್ಕವನ್ನು ಕಿತ್ತು, ಫ್ಯಾನಿನ ರೆಕ್ಕೆ ತಿರುಗದಂತೆ ಹಿಡಿದು, ಧೂಳನ್ನು ಕುಂಚದಿಂದ ತೆಗೆಯುತ್ತಾನೆ. ಬೇರೇನನ್ನೂ ಬದಲಿಸುವುದಿಲ್ಲ. ಮತ್ತೆ ಅದೇ ಕೆಲಸವನ್ನು ಹೇರಿ ನೋಡುತ್ತಾನೆ. ಉಷ್ಣತೆ ಎಪ್ಪತ್ತೈದನ್ನು ದಾಟದೆ ಕೆಲಸ ಮುಗಿದರೆ ಕಾರಣವು ಕೈಗೆ ಸಿಕ್ಕಿತು. ಯಂತ್ರವು ತಂಪಾಗಿದ್ದೂ ಆರಿದರೆ ಮುಂದಿನ ಸಂಶಯ ವಿದ್ಯುತ್ತನ್ನು ಹಂಚುವ ಎಸ್‌ಎಂಪಿಎಸ್ ಮೇಲೆ. ಆಗ ಗೆಳೆಯನಿಂದ ಒಳ್ಳೆಯದೊಂದನ್ನು ತಂದು ಜೋಡಿಸಿ ಪರೀಕ್ಷಿಸಬೇಕು. ನಾಲ್ಕು ಭಾಗಗಳನ್ನು ಒಟ್ಟಿಗೆ ಬದಲಿಸಿದವನಿಗೆ ಹಣ ಖರ್ಚಾಗುತ್ತದೆ, ಅರಿವು ಬರುವುದಿಲ್ಲ.

ಭಾರವು ದುರ್ಬಲ ಕೊಂಡಿಯನ್ನು ಹುಡುಕುತ್ತದೆಂಬುದನ್ನು ಈ ಸೀಮೆಯ ಜನ ಕಣ್ಣಾರೆ ಕಂಡಿದ್ದಾರೆ. 2024ರ ಆಗಸ್ಟ್ 10ರ ರಾತ್ರಿ, ತುಂಬಿ ನಿಂತಿದ್ದ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಮೊದಲು ಉಳಿದ ಗೇಟುಗಳನ್ನು ತೆರೆದು ಒತ್ತಡವನ್ನು ತಗ್ಗಿಸಲಾಯಿತು. ಬಳಿಕ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನ ನಡುವೆಯೇ ಉಕ್ಕಿನ ಹಲಗೆಗಳನ್ನು ಒಂದೊಂದಾಗಿ ಇಳಿಸಿ, ವಾರವೊಂದರಲ್ಲಿ ಆ ಬಾಯಿಯನ್ನು ಮುಚ್ಚಿದರು. ರೈತರ ಬೆಳೆಗೆ ಬೇಕಾದ ನೀರು ಉಳಿಯಿತು.

1969ರ ಜುಲೈ 20ರಂದು ಅಪೊಲೊ-11 ಚಂದ್ರನ ಮೇಲೆ ಇಳಿಯುತ್ತಿದ್ದಾಗ ನೌಕೆಯ ಗಣಕವು 1202 ಎಂಬ ಎಚ್ಚರಿಕೆಯನ್ನು ತೋರಿತು. ಹೊತ್ತ ಕೆಲಸ ಮಿತಿಮೀರಿತೆಂಬುದೇ ಅದರ ಅರ್ಥ. ಭೂಮಿಯ ಮೇಲಿದ್ದ ಇಪ್ಪತ್ತನಾಲ್ಕು ವರ್ಷದ ಜಾಕ್ ಗಾರ್ಮನ್ ಇಂಥ ಸಂಕೇತಗಳ ಅರ್ಥವನ್ನು ಮೊದಲೇ ಕಾಗದದಲ್ಲಿ ಬರೆದಿಟ್ಟುಕೊಂಡಿದ್ದ. ಗಣಕವು ಅಮುಖ್ಯವಾದುದನ್ನು ಕೈಬಿಟ್ಟು ಮುಖ್ಯವಾದುದನ್ನು ನಡೆಸುತ್ತಿದೆಯೆಂದು ಆತ ಅರಿತ. ಇಳಿಯುವಿಕೆ ಮುಂದುವರಿಯಿತು. ಅಷ್ಟು ದೊಡ್ಡ ಸಾಹಸವನ್ನು ಆ ಕ್ಷಣದಲ್ಲಿ ಕಾಯ್ದುದರಲ್ಲಿ ಒಂದು ಹಾಳೆಯ ಬರಹಕ್ಕೂ ಪಾಲಿತ್ತು.

ಯಂತ್ರವು ನಿಂತಾಗ ಮನುಷ್ಯನಿಗೆ ಸಿಟ್ಟು ಬರುವುದು ಸಹಜ. ಆದರೆ ಸಿಟ್ಟು ಯಾರನ್ನು ಬೈಯಲಿ ಎಂದು ಹುಡುಕುತ್ತದೆ. ತಾಳ್ಮೆಯು ಏನಾಯಿತು, ಯಾವಾಗ ಆಯಿತು, ಮತ್ತೆ ಆಗುವುದೇ ಎಂದು ಕೇಳುತ್ತದೆ. ಈ ಮೂರು ಪ್ರಶ್ನೆಗಳನ್ನು ಕೇಳಲು ಕಲಿತವನಿಗೆ ಹೆದರಿಕೆ ಕಡಿಮೆ. ಬರೆ ಹಾಕುವ ಮುನ್ನ ಜ್ವರ ಬಂದಿರುವುದು ಯಾವುದಕ್ಕೆಂದು ಮುಟ್ಟಿ ನೋಡುವ ವ್ಯವಧಾನವೊಂದಿದ್ದರೆ ಎತ್ತೂ ಉಳಿಯುತ್ತದೆ, ಎಮ್ಮೆಯೂ ಉಳಿಯುತ್ತದೆ.