ಕಂಚಿನ ಬಣ್ಣದ ನಾಲ್ಕು ಚಕ್ರಗಳು

ಕಾರಿಗೆ ಅಲಾಯ್ ವೀಲ್ ಹಾಕಿಸ್ಬೇಕು ಅಂತ ಮನೇಲಿ ಬಾಯಿ ಬಿಟ್ಟಿದ್ದೇ ತಪ್ಪಾಯ್ತು ನೋಡಿ. ಮಾಲೂರಿಂದ ಶ್ರೀನಿವಾಸಪುರದವರೆಗೆ ಇರೋ ನೆಂಟರಿಷ್ಟರಿಗೆಲ್ಲಾ ಅದರ ಬಗ್ಗೆ ಒಂದೊಂದು ಅಭಿಪ್ರಾಯ!

ನಂದು 2013ರ ಸ್ವಿಫ್ಟ್, ವಿಎಕ್ಸ್‌ಐ. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಕಬ್ಬಿಣದ ಚಕ್ರ, ಮೇಲೆ ಪ್ಲಾಸ್ಟಿಕ್ ಮುಚ್ಚಳ. ಅದರಲ್ಲೂ ಎರಡು ಮುಚ್ಚಳ ಎಲ್ಲೋ ದಾರೀಲಿ ಉದುರಿ ಹೋಗಿದ್ವು. ಅಂಗಡಿಯೊಂದರಲ್ಲಿ ಕಂಚಿನ ಬಣ್ಣದ ಅಲಾಯ್ ಕಂಡಿದ್ದೇ ತಡ, ಮನಸ್ಸು ಅಲ್ಲೇ ಉಳೀತು.

ಮಾಲೂರಿನ ಭಾವ, "ಹಾಕ್ಸಿದ್ರೆ 17 ಇಂಚು ಹಾಕ್ಸು, ಇಲ್ಲಾ ಸುಮ್ನಿರು" ಅಂದ್ರು. ಮುಳಬಾಗಿಲಿನ ಗೆಳೆಯ, "ಆ ದುಡ್ಡಲ್ಲಿ ವರ್ಷವೆಲ್ಲಾ ದೋಸೆ ತಿನ್ನಬಹುದಿತ್ತಲ್ಲೋ" ಅಂದ. ಶ್ರೀನಿವಾಸಪುರದ ಚಿಕ್ಕಪ್ಪ ಮಾವಿನ ತೋಟದಲ್ಲಿ ನಿಂತು "ಎಂದುಕುರಾ ಇದಂತಾ?" ಅಂತ ತೆಲುಗಲ್ಲೇ ಮುಗಿಸಿದ್ರು. ಬಣ್ಣದ ಫೋಟೋ ನೋಡಿದ ಇನ್ನೊಬ್ರು, "ಕೆಜಿಎಫ್ ಗಣಿ ಮುಚ್ಚಿದ್ದು 2001ರಲ್ಲಿ, ಚಿನ್ನ ಈಗ ನಿನ್ ಗಾಲೀಲಿ ಸಿಕ್ತಾ?" ಅಂತ ಕಾಲೆಳೆದ್ರು.

ನಾನು ಎಲ್ಲರಿಗೂ ಉತ್ತರ ಕೊಡ್ತಾ ಹೋದೆ. ಅಲಾಯ್ ಹಗುರ, ಮೈಲೇಜ್ ಬರುತ್ತೆ, ಬ್ರೇಕ್ ಬೇಗ ತಣ್ಣಗಾಗುತ್ತೆ... ಹೇಳ್ತಾ ಹೇಳ್ತಾ ನನಗೇ ನಾಚಿಕೆ ಆಯ್ತು. ಅಲಾಯ್ ಅಂದ ಮಾತ್ರಕ್ಕೆ ಹಗುರ ಅಂತೇನಿಲ್ಲ, ಅಳತೆ ದೊಡ್ಡದಾದ್ರೆ ಕಬ್ಬಿಣದ್ದಕ್ಕಿಂತ ಭಾರ ಇರೋದೂ ಉಂಟು.

ಕೋಲಾರದ ಮನೇಲಿ ಅಪ್ಪ ಮಾತ್ರ ಪೇಪರ್‌ನಿಂದ ತಲೆ ಎತ್ತಿ ಒಂದೇ ಮಾತು ಕೇಳಿದ್ರು: "ಕಬ್ಬಿಣ ಬಗ್ಗಿದ್ರೆ ಸುತ್ತಿಗೇಲಿ ಬಡಿದು ಸರಿ ಮಾಡ್ತಾರೆ. ಇದು ಬಿರುಕು ಬಿಟ್ರೆ? ತೋಟದ ದಾರೀಲಿ ಸ್ಟೆಪ್ನಿ ಹೊಂದುತ್ತಾ?"

ಇದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ. ಆ ರಾತ್ರಿ ಲೆಕ್ಕ ಹಾಕ್ತಾ ಕೂತೆ.

ನನ್ನ ಹಳೇ ಟೈರು 165/80 ಆರ್ 14. ಅಂದ್ರೆ ಅಗಲ 165 ಮಿ.ಮೀ., ಪಕ್ಕದ ಗೋಡೆ ಅದರ ಶೇಕಡಾ 80, ಅಂದ್ರೆ 132 ಮಿ.ಮೀ. ರಿಮ್ ಸೇರಿ ಒಟ್ಟು ಎತ್ತರ 619.6. ಭಾವ ಹೇಳಿದ 17 ಇಂಚಿಗೆ 205/45 ಹಾಕಿದ್ರೆ ಗೋಡೆ ಬರೀ 92 ಮಿ.ಮೀ. ಗುಂಡಿಗೆ ಬಿದ್ರೆ ಪೆಟ್ಟು ಸೀದಾ ರಿಮ್ಮಿಗೆ. ಅದೇ ಕಾರಿನ ಝಡ್‌ಎಕ್ಸ್‌ಐಗೆ ಕಂಪನಿಯೇ ಕೊಟ್ಟ ಅಳತೆ 185/65 ಆರ್ 15. ಗೋಡೆ 120, ಒಟ್ಟು 621.5. ಹಳೇದಕ್ಕೂ ಇದಕ್ಕೂ 2 ಮಿ.ಮೀ. ವ್ಯತ್ಯಾಸವೂ ಇಲ್ಲ! ಸ್ಪೀಡೋಮೀಟರ್ ಕೆಡಲ್ಲ, ಕಬ್ಬಿಣದ ಸ್ಟೆಪ್ನಿ ಹಾಕ್ಕೊಂಡು ಮನೆ ಸೇರಬಹುದು. ನಾಲ್ಕು ಬೋಲ್ಟು, 100 ಮಿ.ಮೀ. ವೃತ್ತ, ಎರಡಕ್ಕೂ ಒಂದೇ. ಅಲಾಯ್‌ಗೆ ಬೇರೆ ನಟ್ಟು ಬೇಕಾಯ್ತು, ಹಳೇ ನಟ್ಟುಗಳನ್ನ ಸ್ಟೆಪ್ನಿ ಜೊತೆ ಡಿಕ್ಕೀಲೇ ಇಟ್ಟೆ.

ಬೆಳಿಗ್ಗೆ ಅಪ್ಪಂಗೆ ಲೆಕ್ಕದ ಚೀಟಿ ತೋರಿಸಿದೆ. ನೋಡಿ, "ಸರಿ, ಆದ್ರೆ ಬೇಕು ಯಾಕೆ?" ಅಂದ್ರು.

"ಚೆನ್ನಾಗಿ ಕಾಣುತ್ತೆ ಅಪ್ಪ. ಅಷ್ಟೇ."

ಅಪ್ಪ ನಕ್ಕುಬಿಟ್ರು. "ಇದನ್ನ ಮೊದಲೇ ಹೇಳೋಕೇನಾಗಿತ್ತು ನಿಂಗೆ?"

ವಿಚಿತ್ರ ಅಂದ್ರೆ, ಆಮೇಲೆ ಯಾರು ಕೇಳಿದ್ರೂ ನಾನು ಇದನ್ನೇ ಹೇಳೋಕೆ ಶುರು ಮಾಡಿದೆ. ವಾದ ಅಲ್ಲಿಗೇ ನಿಂತುಹೋಗ್ತಿತ್ತು. ಮೈಲೇಜ್ ಅಂದ್ರೆ ವಾದ ಮಾಡಬಹುದು, ಇಷ್ಟ ಅಂದ್ರೆ ಏನಂತ ವಾದ ಮಾಡ್ತಾರೆ ಹೇಳಿ? ಅಳತೆ ವಿಷಯದಲ್ಲಿ ಅಪ್ಪನ ಮಾತು ಕೇಳಿದ್ದು ಒಳ್ಳೇದೇ ಆಯ್ತು. ಬಣ್ಣ ಮಾತ್ರ ನಂದೇ.

ಚಕ್ರ ಹಾಕ್ಸಿ ನಾಲ್ಕನೇ ತಿಂಗಳು, ಚಿಕ್ಕಪ್ಪನ ತೋಟದ ದಾರೀಲಿ ಮುಂದಿನ ಎಡ ಚಕ್ರ ಕಲ್ಲಿಗೆ ಬಡೀತು. ರಿಮ್ಮಿನ ಅಂಚಲ್ಲಿ ಉಗುರಿನಷ್ಟು ಜಾಗ ಕಿತ್ತು ಬಂತು. ಹೊಟ್ಟೆ ಉರೀತು ನೋಡಿ! ಬೈಸಿಕೊಳ್ಳೋಕೆ ರೆಡಿಯಾಗೇ ಅಪ್ಪಂಗೆ ಫೋನ್ ಮಾಡಿದೆ.

"ಬಿರುಕು ಬಿಟ್ಟಿಲ್ಲ ತಾನೆ? ಗಾಳಿ ಇದೆಯಾ? ಹಂಗಾದ್ರೆ ನಿಧಾನಕ್ಕೆ ಬಾ, ಊಟಕ್ಕೆ ಕಾಯ್ತಿರ್ತೀವಿ" ಅಂದ್ರು. ಅಷ್ಟೇ.

ಆ ಗಾಯ ಹಾಗೇ ಇದೆ. ಭಾನುವಾರ ಕಾರು ತೊಳೆಯುವಾಗ ನಾನು ಬರೋದರೊಳಗೆ ಅಪ್ಪ ಚಕ್ರ ಒರೆಸಿ ಮುಗಿಸಿರ್ತಾರೆ. ಕೇಳಿದ್ರೆ, "ಧೂಳಾಗಿತ್ತು" ಅಂತಾರೆ :-)