ಮದುಮಗಳನ್ನು ಕೇಳಬೇಕಾದ ಒಂದು ಪ್ರಶ್ನೆ

ಕಾಫಿ ಕೊಯ್ಲು ಮುಗಿದು ಬಿಸಿಲೇರುವ ದಿನಗಳಲ್ಲಿ ನಮ್ಮ ಚೆಟ್ಟಳ್ಳಿಯ ಕಡೆ ತರಗತಿಯಲ್ಲಿ ಒಂದೆರಡು ಮಕ್ಕಳ ಜಾಗ ಖಾಲಿ ಇರುವುದುಂಟು. ವಿಚಾರಿಸಿದರೆ ಚಿಕನ್‌ಪಾಕ್ಸ್, ನಮ್ಮ ಹಿರಿಯರು ಹೇಳುವ ಸೀತಾಳೆ ಸಿಡುಬು. ಮಕ್ಕಳಿಗೆ ಇದು ಸಾಮಾನ್ಯವಾಗಿ ಒಂದು ವಾರದ ತುರಿಕೆ, ಜ್ವರ. ಗರ್ಭಿಣಿಗೆ ಮಾತ್ರ ಹಾಗಲ್ಲ.

ಒಮ್ಮೆ ನಮ್ಮ ಜೊತೆ ಪಾಠ ಮಾಡುತ್ತಿದ್ದ ನಾಲ್ಕು ತಿಂಗಳ ಗರ್ಭಿಣಿಯೊಬ್ಬಳು ಗಾಬರಿಯಿಂದ ತನ್ನ ಉಮ್ಮನಿಗೆ ಫೋನ್ ಮಾಡಿದಳು. ‘ನಿನಗೆ ಎರಡನೇ ಕ್ಲಾಸಿನಲ್ಲೇ ಬಂದಿತ್ತು, ಹಣೆಯ ಕಲೆ ನೋಡಿಕೋ’ ಎಂದರು ಉಮ್ಮ. ವೈದ್ಯರಿಗೂ ಆ ಮಾತು ಸಾಕಾಯಿತು. ಒಮ್ಮೆ ಬಂದು ಹೋದವರ ರಕ್ತದಲ್ಲಿ ಪ್ರತಿಕಾಯಗಳು ಉಳಿಯುತ್ತವೆ. ಅವು ತಾಯಿಯಿಂದ ಮಗುವಿಗೂ ದಾಟಿ, ಹುಟ್ಟಿದ ಮೊದಲ ಕೆಲವು ತಿಂಗಳು ಕಾಯುತ್ತವೆ.

ನಮ್ಮ ಬಂಧುಗಳಲ್ಲೇ ಇನ್ನೊಬ್ಬಳಿಗೆ ಹಾಗೆ ಹೇಳಲು ಉಮ್ಮ ಇರಲಿಲ್ಲ. ಕಾಯಿಲೆಯ ಮಗುವಿದ್ದ ಮನೆಯಲ್ಲಿ ಒಂದು ಸಂಜೆ ಕಳೆದು ಬಂದಿದ್ದಳು. ಐಜಿಜಿ ಎಂಬ ರಕ್ತ ಪರೀಕ್ಷೆ ಮಾಡಿಸಿದಾಗ ರಕ್ಷಣೆ ಇಲ್ಲವೆಂದು ತಿಳಿಯಿತು. ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದನ್ನು ಸೋಂಕಿತರ ಸಂಪರ್ಕವಾದ 10 ದಿನಗಳೊಳಗೆ ಕೊಡಬೇಕು, ಬೇಗ ಕೊಟ್ಟಷ್ಟೂ ಒಳ್ಳೆಯದು. ಅದು ಎಲ್ಲ ಕಡೆ ಕೂಡಲೇ ಸಿಗುವಂಥದ್ದೂ ಅಲ್ಲ. ಹೇಗೋ ದೊರೆಯಿತು. ಆಮೇಲೆ 28 ದಿನ ಆ ಮನೆಯವರು ಅವಳ ಮೈ ನೋಡುತ್ತಲೇ ಕಳೆದರು. ಅಲ್‌ಹಮ್ದುಲಿಲ್ಲಾಹ್, ಏನೂ ಆಗಲಿಲ್ಲ.

ಆ ಮನೆಯವರ ಭಯ ಸುಳ್ಳಲ್ಲ. ಗರ್ಭಿಣಿಗೆ ಈ ರೋಗ ಬಂದರೆ ನ್ಯುಮೋನಿಯಾ ಆಗಬಹುದು. ಮೊದಲ 20 ವಾರಗಳಲ್ಲಿ ಬಂದರೆ ನೂರರಲ್ಲಿ ಒಂದೆರಡು ಶಿಶುಗಳಿಗೆ ಕೈಕಾಲು, ಕಣ್ಣು, ಮೆದುಳಿನ ಊನ ಉಂಟಾಗಬಹುದು. ಹೆರಿಗೆಯ ಆಸುಪಾಸಿನ ದಿನಗಳಲ್ಲಿ ಬಂದರೆ ನವಜಾತ ಶಿಶುವಿನ ಪ್ರಾಣಕ್ಕೇ ಅಪಾಯ. ಗುಳ್ಳೆ ಕಂಡ ದಿನವೇ ವೈದ್ಯರಿಗೆ ತಿಳಿಸಬೇಕು. ಅಸೈಕ್ಲೋವಿರ್ ಔಷಧಿಯನ್ನು 24 ಗಂಟೆಗಳೊಳಗೆ ಆರಂಭಿಸಿದರೆ ಹೆಚ್ಚು ಪ್ರಯೋಜನ. ಆದರೆ ನೇರವಾಗಿ ಆಸ್ಪತ್ರೆಯ ಸಾಲಿನಲ್ಲಿ ಹೋಗಿ ಕೂರಬಾರದು, ಮೊದಲು ಫೋನ್ ಮಾಡಬೇಕು. ಅಲ್ಲಿಯೂ ಗರ್ಭಿಣಿಯರಿರುತ್ತಾರೆ.

ರೋಗಿಯನ್ನು ಸಂದರ್ಶಿಸುವುದು ಪುಣ್ಯಕಾರ್ಯ, ನಿಜ. ಆದರೆ ಸಾಂಕ್ರಾಮಿಕ ರೋಗವಿರುವಲ್ಲಿಗೆ ಹೋಗಬಾರದೆಂದು ಕಲಿಸಿದವರೂ ಪ್ರವಾದಿಯವರೇ(ಸ). ಗುಳ್ಳೆ ಏಳುವ ಒಂದೆರಡು ದಿನ ಮೊದಲಿನಿಂದ ಎಲ್ಲ ಗುಳ್ಳೆಗಳೂ ಒಣಗಿ ಹಕ್ಕಳೆಗಟ್ಟುವವರೆಗೆ ಇದು ಹರಡುತ್ತದೆ. ಗರ್ಭಿಣಿ ಸೊಸೆ ಬರಲಿಲ್ಲವೆಂದು ಯಾರೂ ಮುನಿಸಿಕೊಳ್ಳಬೇಕಾಗಿಲ್ಲ. ಫೋನಿನಲ್ಲೇ ವಿಚಾರಿಸಿ, ದುಆ ಮಾಡಿದರಾಯಿತು.

ಇದಕ್ಕೆ ಲಸಿಕೆ ಇದೆ. 1974ರಲ್ಲಿ ಜಪಾನಿನ ಮಿಚಿಯಾಕಿ ತಕಾಹಾಶಿ ಅದನ್ನು ಸಿದ್ಧಪಡಿಸಿದರು. ದೊಡ್ಡವರಿಗೆ ಕನಿಷ್ಠ ನಾಲ್ಕು ವಾರಗಳ ಅಂತರದಲ್ಲಿ ಎರಡು ಡೋಸ್. ಇದು ಜೀವಂತ ವೈರಸ್ಸಿನ ಲಸಿಕೆಯಾದ್ದರಿಂದ ಗರ್ಭಿಣಿಗೆ ಕೊಡುವುದಿಲ್ಲ. ಲಸಿಕೆ ಪಡೆದ ಮೇಲೂ ಕನಿಷ್ಠ ಒಂದು ತಿಂಗಳು ಗರ್ಭ ಧರಿಸಬಾರದು. ಹಾಗಾಗಿ ಅದರ ಸಮಯ ಮದುವೆಗೆ ಮುಂಚೆ, ಇಲ್ಲವೇ ಹೆರಿಗೆಯ ನಂತರ.

ನಿಕಾಹ್ ನಿಶ್ಚಯವಾದರೆ ನಾವು ಚಿನ್ನ, ಬಟ್ಟೆ, ಊಟದ ಪಟ್ಟಿ ಬರೆಯುತ್ತೇವೆ. ಅದೇ ಪುಸ್ತಕದಲ್ಲಿ ಇನ್ನೊಂದು ಸಾಲಿರಲಿ: ಹುಡುಗಿಗೆ ಸೀತಾಳೆ ಸಿಡುಬು ಬಂದಿದೆಯೇ, ಯಾವ ವರ್ಷ? ನಮ್ಮ ಎಷ್ಟೋ ಮನೆಗಳಲ್ಲಿ ಇದರ ದಾಖಲೆ ಉಮ್ಮನ ನೆನಪು ಮಾತ್ರ. ಉಮ್ಮ ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ. ಗೊತ್ತಿಲ್ಲ ಎಂದರೆ ಒಂದು ರಕ್ತ ಪರೀಕ್ಷೆ ಮಾಡಿಸಿ.